ಮಣ್ಣಿಗಿಡುವ ಹಾಡು

ನಮ್ಮ ಓಜಿಬ್ವೆ ಬುಡಕಟ್ಟಿನ ರಿಸರ್ವೇಶನ್ನಿನ, ಅಂದರೆ ಅಮೆರಿಕ ಸರ್ಕಾರ ನಮಗೆಂದು ಬಿಟ್ಟ ನೆಲದ, ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ಸಾಲು. ನನ್ನ ಮುಂದೆ ಡೆಲ್ಬರ್ಟ್, ಜೊತೆಗೆ ಅವನ ಅಕ್ಕನ ಮಗ ರಾಯ್ಸ್. ಡೆಲ್ಬರ್ಟನ ಅಪ್ಪ ಸಮುದಾಯ ಭವನದಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದರು.

“ನಾಳೆ ಮಣ್ಣಿಗೆ ನೀನು ಡೋಲು ಬಾರಿಸೋಕೆ ಕೂರೋದು ಬೇಡ ಕಣೋ,” ಎಂದ ಡೆಲ್ಬರ್ಟ್.

“ಚಿಕ್ಕೋನಿದ್ದಾಗಿಂದ ಅಜ್ಜನ ಪಕ್ಕದಲ್ಲೇ ಕೂತಿದೀನಲ್ಲ ಮಾವ.”

“ಆಗ ಯಾರಿಗೂ ಗೊತ್ತಿರ್ಲಿಲ್ಲ. ಈಗ ನೀನು ಆ ಹುಡುಗನ ಜೊತೆ ಜೋಡಿ ಥರ ಓಡಾಡೋದನ್ನ ನೋಡಿದಾರೆ. ಎಲ್ಲರ ಬಾಯಲ್ಲೂ ಅದೇ.”

“ಅಜ್ಜಂಗೆ ಗೊತ್ತಿತ್ತು.”

“ಸುಳ್ಳು ಹೇಳ್ಬೇಡ.”

“ನಾನೇ ಹೇಳಿದ್ದೆ. ‘ಡೋಲಿನ ಕೋಲು ಸರಿಯಾಗಿ ಹಿಡ್ಕೊ’ ಅಂದ, ಅಷ್ಟೇ.”

ಸಾಲಿನಲ್ಲಿದ್ದವರೆಲ್ಲ ಬನ್ನು ಆರಿಸುವ ನಾಟಕವಾಡಿದೆವು.

“ಡೋಲಿನ ಸುತ್ತ ಗಂಡಸ್ರು ಕೂರ್ತಾರೆ. ನೀನು ಹಿಂದೆ ಹೆಂಗಸ್ರ ಜೊತೆ ನಿಂತು ಹಾಡು, ಯಾರೂ ಬೇಡ ಅನ್ನಲ್ಲ.”

“ಮತ್ತೆ ಮಣ್ಣಿಗಿಡೋವಾಗಿನ ಹಾಡು? ಅದನ್ನ ಯಾರು ಎತ್ತುತಾರೆ?”

ಡೆಲ್ಬರ್ಟ್ ಲೋಟಕ್ಕೆ ಸಕ್ಕರೆ ಸುರಿಯುತ್ತಲೇ ಇದ್ದ.

“ಅಪ್ಪ ಅದನ್ನ ನಿಂಗೊಬ್ಬನಿಗೇ ಕಲಿಸಿದ್ದು. ಬಾ, ಗಾಡೀಲಿ ಕೂತು ಹೇಳ್ಕೊಡು. ಬೆಳಗಾಗೋದ್ರೊಳಗೆ ಕಲ್ತ್ಕೋತೀನಿ.”

ಇಬ್ಬರೂ ಹೊರಗೆ ಹೋದರು. ಗಾಜಿನಾಚೆ ಪಿಕಪ್ಪಿನಲ್ಲಿ ಡೆಲ್ಬರ್ಟನ ಬೆರಳುಗಳು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ ಕಾಯುತ್ತಿದ್ದವು. ರಾಯ್ಸ್ ಹಾಡು ಎತ್ತಲಿಲ್ಲ.