ವಾಪಸ್ ಮಾಡಿದ ಬೋಣಿ

ಸುರಪುರ ಪೊಲೀಸ್ ಠಾಣೆ
ಪುನರ್ ಹೇಳಿಕೆ. ದಿನಾಂಕ 27-06-2025, ಬೆಳಿಗ್ಗೆ 10-40 ಗಂಟೆ.

ನನ್ನ ಹೆಸರು ಚೇತನಕುಮಾರ ತಂದೆ ಸಂಗಮನಾಥ, ವಯಸ್ಸು 38, ಜಾತಿ ಲಿಂಗಾಯತ, ಉದ್ಯೋಗ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ವ್ಯಾಪಾರ, ಸಾಕಿನ್ ರಂಗಂಪೇಟೆ, ತಾಲ್ಲೂಕು ಸುರಪುರ, ಜಿಲ್ಲೆ ಯಾದಗಿರಿ. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ, ಇದೇ ತಿಂಗಳ 23ರಂದು ಪಂಚಶೀಲಾ ತಂದೆ ಅಂಬ್ರಪ್ಪ, ವಯಸ್ಸು 24, ಇವರು ನನ್ನ ಗಿರಾಕಿಗಳ ಹಣ ತಮ್ಮ ಖಾತೆಗೆ ತಿರುಗಿಸಿಕೊಂಡಿದ್ದಾರೆ ಎಂದು ನಾನು ಕೊಟ್ಟ ದೂರು ಸುಳ್ಳು. ನಡೆದದ್ದು ಕೆಳಗಿನಂತಿದೆ.

ನಮ್ಮ ಅಂಗಡಿಗೆ ಎರಡು ವರ್ಷದಿಂದ ವೆಬ್‌ಸೈಟ್ ಇದೆ. ಮಾಡಿಕೊಟ್ಟವರು ಪಂಚಶೀಲಾ. ಗಿರಾಕಿಗಳು ಅದರಲ್ಲಿ ರೊಟ್ಟಿ ನೋಡಿ ಫೋನ್ ಮಾಡುತ್ತಿದ್ದರು. ನೋಡಿದ ಜಾಗದಲ್ಲೇ ಹಣ ಕೊಡಲು ಒಂದು ಬಟನ್ ಬೇಕೆಂದು ನಾನೇ ಕೇಳಿದೆ. 05-06-2025, ಗುರುವಾರ ಬೆಳಿಗ್ಗೆ 11 ಗಂಟೆಗೆ ಅವರು ಅಂಗಡಿಗೆ ಬಂದು ನನ್ನ ಕಂಪ್ಯೂಟರಿನಲ್ಲಿ ಅದನ್ನು ಹಚ್ಚಿದರು. 'ಟೆಸ್ಟ್' ಎಂಬ ಚೌಕದಲ್ಲಿ ಗುರುತು ಇದ್ದರೆ ಹಣ ಕಟ್ಟಿದಂತೆ ಕಾಣುತ್ತದೆ, ನಿಜವಾದ ಹಣ ಹೋಗುವುದಿಲ್ಲ. ಗುರುತು ತೆಗೆದು ಕೆಳಗಿನ 'ಸೇವ್' ಒತ್ತಿದರೆ ನಿಜವಾದ ಹಣ ಬರುತ್ತದೆ ಎಂದು ಎರಡು ಸಲ ತೋರಿಸಿದರು.

12-20ಕ್ಕೆ ಗುರುತು ತೆಗೆದು, ತಮ್ಮ ಫೋನಿನಿಂದ ಒಂದು ರೂಪಾಯಿ ಕಟ್ಟಿದರು. ನನ್ನ ಫೋನಿಗೆ ಸಂದೇಶ ಬಂತು. "ಬೋಣಿ ಆತ್ರಿ ಅಣ್ಣಾರ. ರೊಕ್ಕದ ಬಟನ್ ನಾ ಹಚ್ಚಿದ್ದು ಇದ ಮೊದಲ್ರಿ, ನನ್ನ ಕೈಲೇ ಬೋಣಿ ಆತು" ಎಂದು ನಕ್ಕರು. ನನ್ನ ಹೆಂಡತಿ ಉಮಾಶ್ರೀ ಅವರಿಗೆ ಒಂದು ಕಟ್ಟು ರೊಟ್ಟಿ ಕೊಟ್ಟಳು. 12-35ಕ್ಕೆ ಹೋದರು.

ಬೋಣಿ ಎಂದರೆ ವ್ಯಾಪಾರದ ಮೊದಲ ಹಣ. ನಮ್ಮ ಕಡೆ ಅದು ಯಾರ ಕೈಯಿಂದ ಬಂತು ಎಂದು ನೋಡುತ್ತಾರೆ. ಪಂಚಶೀಲಾ ಪರಿಶಿಷ್ಟ ಜಾತಿಯವರು. ಆ ಕೈಯ ಬೋಣಿ ನನಗೆ ಬೇಡವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನಿನ್ನೆಯಿಂದ ನೋಡಿದೆ, ಬೇರೆ ಮಾತು ಸಿಗಲಿಲ್ಲ. ಅವರು ಮಾಡಿದ ವೆಬ್‌ಸೈಟಿನಿಂದ ಎರಡು ವರ್ಷ ಉಂಡಿದ್ದೇನೆ. ಆಗ ಕೈ ಯಾರದೆಂದು ನೋಡಿರಲಿಲ್ಲ.

ಅದೇ ದಿನ 1-10ಕ್ಕೆ ಆ ಒಂದು ರೂಪಾಯಿಯನ್ನು ಅವರ ಖಾತೆಗೆ ವಾಪಸ್ ಹಾಕಿದೆ. ಸೋಮವಾರ ನನ್ನ ಸೋದರಮಾವ ಸಂಗಣ್ಣನವರ ಕೈಯಿಂದ ಬೋಣಿ ಮಾಡಿಸುವುದೆಂದು ನಿಶ್ಚಯಿಸಿ, ಅಷ್ಟರೊಳಗೆ ಬೇರೆ ಯಾರ ಹಣವೂ ಬರದಿರಲಿ ಎಂದು 'ಟೆಸ್ಟ್' ಗುರುತು ಹಾಕಿ 'ಸೇವ್' ಒತ್ತಿಟ್ಟೆ. 09-06-2025, ಸೋಮವಾರ ಬೆಳಿಗ್ಗೆ 8 ಗಂಟೆಗೆ ಗುರುತು ತೆಗೆದೆ. ಪೂಜೆಯ ಅವಸರದಲ್ಲಿ 'ಸೇವ್' ಒತ್ತುವುದನ್ನು ಮರೆತೆ. 8-15ಕ್ಕೆ ಮಾವನವರು ನೂರಾ ಒಂದು ರೂಪಾಯಿ ಕಟ್ಟಿದರು. ಹಸಿರು ಗುಂಡಿ ಬಂತು, ಅವರ ಬೆರಳು ಹಿಡಿದು ನಾನೇ ಒತ್ತಿಸಿದೆ. ಹಣ ಸಂದಾಯ ಎಂದು ತೋರಿಸಿತು, ನನ್ನ ಫೋನಿಗೆ ಸಂದೇಶ ಬಂತೇ ಎಂದು ನೋಡಲಿಲ್ಲ. ತೆಂಗಿನಕಾಯಿ ಒಡೆದು ಅಕ್ಕಪಕ್ಕದ ಅಂಗಡಿಗಳಿಗೆ ಪೇಢೆ ಹಂಚಿದೆವು. ಆಮೇಲೆ ಪಂಚಶೀಲಾ ಇನ್ನು ತೆರೆಯದಿರಲಿ ಎಂದು ವೆಬ್‌ಸೈಟಿನ ಪಾಸ್‌ವರ್ಡ್ ಬದಲಾಯಿಸಿದೆ.

20ನೇ ತಾರೀಖಿನವರೆಗೆ ಒಂಬತ್ತು ಜನರ ಆರ್ಡರ್ ಬಂದವು. ಹಣ ಸಂದಾಯ ಎಂದು ತೋರಿಸಿದ್ದರಿಂದ ಎಲ್ಲರಿಗೂ ರೊಟ್ಟಿ ಕಳಿಸಿದೆ. ಬ್ಯಾಂಕಿಗೆ ಏನೂ ಬರಲಿಲ್ಲ. 21ರಂದು ಪಂಚಶೀಲಾಗೆ ಫೋನ್ ಮಾಡಿ ಜೋರು ಮಾಡಿದೆ. "ಟೆಸ್ಟ್ ಏನರ ಮುಟ್ಟೀರೇನ್ರಿ ಅಣ್ಣಾರ?" ಎಂದು ಕೇಳಿದರು. ಮುಟ್ಟಿಲ್ಲ ಎಂದೆ. ಮುಟ್ಟಿದ್ದೇನೆ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ತೆರೆದು ನೋಡುವುದು ಒಂದು ನಿಮಿಷದ ಕೆಲಸವಾಗಿತ್ತು. ಅದನ್ನು ಬಿಟ್ಟು 23ರಂದು ಇಲ್ಲಿ ಬಂದು ದೂರು ಕೊಟ್ಟೆ.

24ರಂದು ಮಧ್ಯಾಹ್ನ 12ರಿಂದ 3-15ರವರೆಗೆ ಪಂಚಶೀಲಾ ಈ ಠಾಣೆಯ ಬೆಂಚಿನ ಮೇಲೆ ತಂದೆಯ ಜೊತೆ ಕುಳಿತಿದ್ದರು. ಎದುರು ಬೆಂಚಿನಲ್ಲಿ ನಾನಿದ್ದೆ, ನಡುವೆ ಆರು ಅಡಿ. ಅಂಬ್ರಪ್ಪನವರು ನಾನು ಓದಿದ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವರು. ನಾನು ಒಳಗೆ ಬಂದಾಗ ಎದ್ದು ನಿಂತರು. ಕೂಡ್ರಿ ಎಂದು ನಾನು ಹೇಳಲಿಲ್ಲ.

ಸಾಹೇಬರು ಅವರ ಖಾತೆ ತಪಾಸಣೆ ಮಾಡಲಾಗಿ, ನನ್ನ ಅಂಗಡಿಯಿಂದ ಜಮಾ ಆಗಿದ್ದು ಒಂದೇ ರೂಪಾಯಿ ಎಂದು ಕಂಡುಬಂತು. ಇದೇನು ಎಂದು ಪಂಚಶೀಲಾರನ್ನು ಕೇಳಿದರು. "ಅವರನ್ನ ಕೇಳ್ರಿ ಸರ್" ಎಂದರು. ನನ್ನನ್ನು ಕೇಳಿದಾಗ ಗೊತ್ತಿಲ್ಲ ಎಂದು ಹೇಳಿದೆ. ಗೊತ್ತಿತ್ತು. ಪಂಚಶೀಲಾರ ಫೋನನ್ನು ಪರಿಶೀಲನೆಗೆಂದು ಠಾಣೆಯಲ್ಲಿ ಇಟ್ಟುಕೊಳ್ಳಲಾಯಿತು. ಸುದ್ದಿ ತಿಳಿದು ಶಹಾಪುರದ ಎರಡು ಅಂಗಡಿಯವರು ಅವರಿಗೆ ಕೊಟ್ಟಿದ್ದ ಕೆಲಸ ಬಿಡಿಸಿದ್ದಾರೆ.

26ರಂದು ಬೆಳಿಗ್ಗೆ 9-15ಕ್ಕೆ ಕಲಬುರಗಿಯಿಂದ ರತ್ನಾಬಾಯಿ ಎಂಬ ಗಿರಾಕಿ ಫೋನ್ ಮಾಡಿದರು. "ರೊಟ್ಟಿ ಬಂದು ತಿಂದೂ ಆತ್ರಿ. ಹಸರ ಗುಂಡಿ ಬಂತು, ಒತ್ತೀನಿ. ಖಾತೆದಾಗಿಂದ ರೊಕ್ಕ ಹೋಗೇ ಇಲ್ಲ. ಫುಕಟ್ ತಿನ್ನೋ ಮಂದಿ ಅಲ್ಲ ನಾವು, ಎಲ್ಲಿ ಕಳಸ್ಲಿ ಹೇಳ್ರಿ" ಎಂದರು. ಆಗ ತೆರೆದು ನೋಡಿದೆ. 'ಟೆಸ್ಟ್' ಗುರುತು ಹಾಗೇ ಇತ್ತು. ಮಾವನವರ ಪಾಸ್‌ಬುಕ್ ತರಿಸಿ ನೋಡಿದೆ. ಅವರ ನೂರಾ ಒಂದು ರೂಪಾಯಿ ಅವರಲ್ಲೇ ಇತ್ತು.

ತಾಯಿ ಹೇಳಿದ್ದಕ್ಕೆ ಆ ರೂಪಾಯಿ ವಾಪಸ್ ಮಾಡಿದೆ ಎಂದು ಠಾಣೆಯಲ್ಲಿ ಬರೆಸುತ್ತೇನೆ ಎಂದು ಉಮಾಶ್ರೀಗೆ ಹೇಳಿದೆ. ತಾಯಿ ಗೊಲ್ಲಾಳಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡು, "ಅವತ್ತ ನಾ ಶಹಾಪುರದಾಗ ತಂಗಿ ಮನ್ಯಾಗಿದ್ದೆ. ನನ್ನ ಯಾಕ ಮುಂದ ಮಾಡ್ತಿ? ನೀ ಮಾಡಿದ್ದು ನೀನ ಹೇಳ್ಕೊ" ಎಂದರು.

ಸಂಜೆ 5 ಗಂಟೆಗೆ ಎರಡು ಕಿಲೋಮೀಟರ್ ನಡೆದು ಪಂಚಶೀಲಾರ ಮನೆಗೆ ಹೋದೆ. ಗಾಡಿ ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ರೂಪಾಯಿ ವಾಪಸಾದ ಸಂದೇಶ ತಮಗೆ ಅವತ್ತೇ ಬಂದಿತ್ತು, ಕಾರಣವೂ ತಿಳಿದಿತ್ತು ಎಂದರು. ಹಾಗಾದರೆ ಠಾಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೆಂಗ ಹೇಳ್ಲಿರಿ? ಅಪ್ಪ ಬಾಜೂಕ ಕುಂತಿದ್ದ" ಎಂದರು. ಮತ್ತೊಮ್ಮೆ ಒಂದು ರೂಪಾಯಿ ಹಾಕಿ ಬೋಣಿ ಮಾಡಿಕೊಡಿ ಎಂದು ಕೈ ಮುಗಿದೆ. "ಫೋನ್ ಠಾಣ್ಯಾಗ ಐತ್ರಿ" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡರು.

ಹೀಗೆ ಬರೆಸಿದರೆ ನನ್ನ ಮೇಲೆಯೇ ಪ್ರಕರಣ ಆಗಬಹುದು ಎಂದು ಸಾಹೇಬರು ತಿಳಿಸಿದ್ದಾರೆ. ತಿಳಿದೇ ಬರೆಸಿದ್ದೇನೆ. ಪಂಚಶೀಲಾರ ಫೋನನ್ನು ಇಂದೇ ಕೊಡಬೇಕೆಂದು ವಿನಂತಿ. ಆ ಬಟನ್ನಿನಿಂದ ಇಲ್ಲಿಯವರೆಗೆ ನಿಜವಾಗಿ ಬಂದ ಹಣ ಅವರ ಒಂದು ರೂಪಾಯಿ ಮಾತ್ರ. ಅದನ್ನು ನಾನು ವಾಪಸ್ ಮಾಡಿದ್ದೇನೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಈ ಸಲ ನಾನು ಹೇಳಿದ್ದೇ ಇದೆ, ಎಲ್ಲವೂ ನಿಜವಿದೆ.

ಸ್ಥಳ: ಸುರಪುರ
ದಿನಾಂಕ: 27-06-2025
ಸಹಿ: ಚೇತನಕುಮಾರ