ಹೆಡ್‌ಮಿಸ್ಸಿನ ಮಾತ್ರೆ ಪುಸ್ತಕ

ಹಾಗಂತ ಬರೆದಿದ್ದಾರಾ? ನಮ್ಮ ಡಾಕ್ಟರೇನಾ? ಎಲ್ಲಿ, ಇನ್ನೊಂದು ಸಲ ಓದಿ... ‘ಮೂರು ಸಲ ನೋಡಿದರೂ ಬಿಪಿ ಇಳಿದಿಲ್ಲ. ಮಾತ್ರೆ ಕೆಲಸ ಮಾಡುತ್ತಿಲ್ಲ, ಇಲ್ಲವೇ ಇವರು ಮಾತ್ರೆ ನುಂಗುತ್ತಿಲ್ಲ.’ ಅಬ್ಬಬ್ಬಾ! ನುಂಗುತ್ತಿಲ್ಲವಂತೆ! ನಾನು! ಎದುರಿಗೆ ಕೂತಾಗ ‘ಅಮ್ಮಾ, ಎಲ್ಲರೂ ನಿಮ್ಮ ಹಾಗಿದ್ದರೆ ನನಗೆ ಕೆಲಸವೇ ಇರಲ್ಲ’ ಅಂತ ಹಲ್ಲು ಕಿರಿಯೋದು, ಬೆನ್ನ ಹಿಂದೆ ಇದು!

ಇಲ್ಲ, ನಿಮ್ಮ ಮೇಲೆ ಕೋಪ ಇಲ್ಲ. ನೀವು ಔಷಧಿ ಸಹಾಯದ ಆಫೀಸಿನವರು, ಕಳಿಸಿದ್ದಾರೆ, ಬಂದಿದ್ದೀರಿ. ಇನ್ನೂ ದುಬಾರಿ ಮಾತ್ರೆಗೆ ಸರ್ಕಾರ ದುಡ್ಡು ಕೊಡಬೇಕು ಅಂದ್ರೆ ಮೊದಲು ಮನೆಗೆ ಬಂದು ವಿಚಾರಿಸಬೇಕು, ಸರಿಯಾಗೇ ಇದೆ. ವಿಚಾರಿಸಿ... ನೋಡಿ, ಈ ‘ನೀವು’ ಅನ್ನೋದಕ್ಕೆ ನಾಲಿಗೆ ಹೊರಳ್ತಾ ಇಲ್ಲ ನನಗೆ. ನೀನು ಅಂದ್ರೆ ಬೇಜಾರಿಲ್ಲ ತಾನೆ? ನನ್ನ ಸೊಸೆಗಿಂತ ಚಿಕ್ಕವಳಿದ್ದೀಯ. ಹಾಂ, ತಲೆ ಆಡಿಸಿದೆ, ಮುಗೀತು. ಬ್ಯಾಗು ಕೆಳಗಿಡು, ಮಡಿಲಲ್ಲಿ ಯಾಕೆ ಕೂಸಿನ ಹಾಗೆ ಇಟ್ಕೊಂಡಿದ್ದೀಯ?

ಅದು ರೇಡಿಯೋ. ನಮ್ಮೆಜಮಾನರದ್ದು. ಬೀದಿಗೆಲ್ಲ ಕೇಳಿಸುತ್ತೆ, ಅವರೊಬ್ಬರಿಗೆ ಬಿಟ್ಟು. ಇರಲಿ ಬಿಡು, ಒಳ್ಳೇದೇ ಆಯ್ತು, ನಾವು ಆರಾಮಾಗಿ ಮಾತಾಡಬಹುದು. ಸೊಸೆ ತಾರಸಿ ಮೇಲೆ ಬಟ್ಟೆ ಒಣಹಾಕ್ತಿದ್ದಾಳೆ. ಅವಳು ಬಂದ್ರೆ ಮಾತ್ರ ಬಿಪಿ ಸುದ್ದಿ ನಿಲ್ಲಿಸಿಬಿಡು. ಹವಾಮಾನದ ಬಗ್ಗೆ ಏನಾದ್ರೂ ಹೇಳು. ಯಾಕೆ ಅಂತೀಯಾ? ಅಯ್ಯೋ, ಒಂದು ಸಲ ತಲೆನೋವು ಅಂದಿದ್ದಕ್ಕೆ ಏಳು ಮನೆಯ ಡಬ್ಬಿ ತಂದುಕೊಟ್ಟಿದ್ದಾಳೆ. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ‘ಅತ್ತೆ, ಇದರಲ್ಲಿ ಹಾಕಿಟ್ಕೊಳ್ಳಿ, ಮರೆಯಲ್ಲ.’ ಮರೆಯೋದು! ಮುನ್ನೂರು ಮಕ್ಕಳ ಹೆಸರು, ಅವರ ಅಪ್ಪಂದಿರ ಹೆಸರು, ಯಾರಿಗೆ ಯಾವಾಗ ಸೀತಾಳೆ ಸಿಡುಬು ಬಂದಿತ್ತು, ಎಲ್ಲ ತಲೇಲಿ ಇಟ್ಕೊಂಡು ಮೂವತ್ತೊಂದು ವರ್ಷ ಸ್ಕೂಲು ನಡೆಸಿದೋಳು ನಾನು! ಆ ಡಬ್ಬೀಲಿ ಈಗ ಗುಂಡಿ ಹಾಕಿದ್ದೀನಿ. ಬುಧವಾರದಲ್ಲಿ ಬಿಳೀದು, ಗುರುವಾರದಲ್ಲಿ ಕಪ್ಪು.

ನಗು, ನಗು. ನಕ್ಕರೆ ಚೆನ್ನಾಗಿ ಕಾಣ್ತೀಯ.

ಇಗೋ ನನ್ನ ಪುಸ್ತಕ. ತಾರೀಖು, ಹೊತ್ತು, ಮಾತ್ರೆ. ಕೆಂಪು ಶಾಯಿ ನಂದು, ನೀಲಿ ನಮ್ಮೆಜಮಾನರದ್ದು. ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟ ಮೇಲೆ ಗುರುತು ಹಾಕೋದು. ಮೊದಲೇ ಹಾಕೋ ಪದ್ಧತಿ ಇಲ್ಲ. ಒಂದೇ ಒಂದು ದಿನ ಖಾಲಿ ಬಿಟ್ಟಿದ್ರೆ ತೋರಿಸು, ನನ್ನ ಔಷಧಿ ಕಾರ್ಡನ್ನ ಇಲ್ಲೇ ಹರಿದು ನಿನ್ನ ಕೈಗೆ ಕೊಡ್ತೀನಿ.

ಹಿಂಬದಿ ಪುಟಗಳಾ? ಅದು ಅರ್ಜಿಗಳ ಪಟ್ಟಿ. ಈ ಕಟ್ಟಡದಲ್ಲಿ ಅರವತ್ತೈದು ತುಂಬಿದೋರಿಗೆಲ್ಲ ನಿಮ್ಮ ಔಷಧಿ ಕಾರ್ಡಿನ ಅರ್ಜಿ ಯಾರು ತುಂಬಿಕೊಡೋದು ಅನ್ಕೊಂಡಿದ್ದೀಯ? ಈ ಹೆಡ್‌ಮಿಸ್ಸೇ. ಹೂಂ, ಹಾಗೇ ಕರೀತಾರೆ, ರಿಟೈರ್ ಆಗಿ ಹದಿಮೂರು ವರ್ಷ ಆದ್ರೂ. ನಿಮ್ಮ ಅರ್ಜೀನೂ ಅರ್ಜಿನಾ ಅದು? ಆರು ಪುಟ! ಒಂದು ಕಾಗುಣಿತ ಹೆಚ್ಚುಕಮ್ಮಿ ಆದ್ರೆ ವಾಪಸ್ಸು. ಮೂರನೇ ಮಹಡಿ ಅಜ್ಜಿ ‘ವೈವಾಹಿಕ ಸ್ಥಿತಿ’ ಅನ್ನೋ ಕಡೆ ‘ಪರವಾಗಿಲ್ಲ’ ಅಂತ ಬರೆದಿದ್ರು. ನಿಜವಾಗ್ಲೂ! ನಾನು ನೋಡ್ದೆ ಹೋಗಿದ್ರೆ ಹಾಗೇ ಬರ್ತಿತ್ತು ನಿಮ್ಮ ಆಫೀಸಿಗೆ. ಹದಿನೇಳು ಅರ್ಜಿ ಕಣಮ್ಮ. ಹದಿನೇಳಕ್ಕೆ ಹದಿನೇಳೂ ಪಾಸು. ಹದಿನೇಳು ಮನೇಲಿ ಇವತ್ತು ಮಾತ್ರೆಗೆ ಕಾಲು ಭಾಗ ದುಡ್ಡು ಕೊಟ್ರೆ ಸಾಕು, ಮಿಕ್ಕಿದ್ದು ಸರ್ಕಾರದ್ದು.

ಅರ್ಜೀಲಿ ಮುಖ್ಯ ಅಂದ್ರೆ ವಯಸ್ಸು ಬರೆಯೋ ಮನೆ. ಎಲ್ಲರೂ ಎಡವೋದೇ ಅಲ್ಲಿ. ನನಗೆ ಅದು ಬಾಯಿಪಾಠ. ಸ್ಕೂಲಿಗೆ ಸೇರಿಸೋಕೆ ಬರ್ತಿದ್ರಲ್ಲ, ‘ಐದು ತುಂಬಿದೆ ಮೇಡಂ’ ಅಂತ ಸುಳ್ಳು ಹೇಳ್ಕೊಂಡು, ಹುಟ್ಟಿದ ತಾರೀಖು ಕೇಳಿದ ತಕ್ಷಣ ‘ಸ್ಕೂಲು ಶುರುವಾಗೋ ದಿನಕ್ಕೆ ನಾಲ್ಕು ವರ್ಷ ಹತ್ತು ತಿಂಗಳು, ಮುಂದಿನ ವರ್ಷ ಬನ್ನಿ’ ಅಂತಿದ್ದೆ. ಬೇಕಾದ್ರೆ ನಿನ್ನದು ಹೇಳು. ಹೇಳು ಹೇಳು, ಯಾರಿಗೂ ಹೇಳಲ್ಲ... ಹೂಂ... ಇಪ್ಪತ್ತಾರು! ಏನು? ಇಪ್ಪತ್ತೇಳಾ? ಸಾಧ್ಯ ಇಲ್ಲ, ಸ್ಕೂಲು ಶುರುವಾಗೋ ದಿನಕ್ಕೆ... ಹೂಂ. ಹೌದು. ಆ ದಿನಕ್ಕೆ ಇಪ್ಪತ್ತಾರು. ಇವತ್ತಿಗೆ ಇಪ್ಪತ್ತೇಳು.

ಬಿಡು. ಟೀ ಆರಿಹೋಗ್ತಿದೆ, ಕುಡಿ.

ದಿಂಬಿನ ಕವರು ನೋಡ್ತಿದ್ದೀಯಾ? ಚೆನ್ನಾಗಿದೆ ಅಲ್ವಾ, ಅಂಚಿಗೆ ಎಷ್ಟು ಸಣ್ಣ ಹೊಲಿಗೆ! ಕೆಳಗಿನ ಮನೆ ಟೈಲರು ಹೊಲಿದಿದ್ದು. ಮೆಟ್ಟಿಲ ಪಕ್ಕದಲ್ಲಿ ಮಿಷನ್ ಇಟ್ಕೊಂಡಿದ್ದಾರಲ್ಲ, ಬರ್ತಾ ನೋಡಿರ್ತೀಯ, ಅವರೇ. ತಿಂಗಳಿಗೊಂದು ತಂದುಕೊಡ್ತಾರೆ. ಬೇಡ ಅಂದ್ರೂ ಕೇಳಲ್ಲ. ಅದಕ್ಕೆ ಅಷ್ಟೊಂದು ಇರೋದು. ನಮ್ಮ ಮನೇಲಿ ಇರೋದೇ ನಾಲ್ಕು ದಿಂಬು.

ಯಾಕೆ ಕೊಡ್ತಾರೆ ಅಂದ್ರೆ... ಅಕ್ಕಪಕ್ಕದೋರು ಕಣಮ್ಮ. ಕೊಡ್ತಾರೆ. ಎಲ್ಲದಕ್ಕೂ ಕಾರಣ ಇರಬೇಕಾ? ನೀನು ಪುಸ್ತಕ ನೋಡು.

ಯಾವುದು? ಎಲ್ಲಿ ಬೆರಳಿಟ್ಟಿದ್ದೀಯ, ಕನ್ನಡಕ ಕೊಡು ಇಲ್ಲಿ... ಅದಾ? ಗುರುತೇ ಅದು. ಮೊದಲಿನ ಪುಟಗಳಲ್ಲಿ ಪೂರ್ತಿ ಗುರುತು ಇದೆ, ಇಲ್ಲಿಂದ ಬರೀ ಒಂದು ಗೆರೆ ಇದೆ ಅಂತೀಯಾ? ಶಾಯಿ ಸರಿ ಇರಲಿಲ್ಲ. ಆ ಪೆನ್ನು ಕೊಟ್ಟಿದ್ದು ಮೊಮ್ಮಗಳು, ಎಂಥದೋ ಬೊಂಬೆ ಪೆನ್ನು, ಬರೀತಾ ಬರೀತಾ ನಿಂತುಹೋಗುತ್ತೆ.

ಹೌದು, ಐದು ತಿಂಗಳೂ ಅದೇ ಪೆನ್ನು.

ನಮ್ಮೆಜಮಾನರ ನೀಲಿ ಗುರುತು ಪೂರ್ತಿ ಇದೆ ಅಂದ್ರೆ... ಅದು ಬೇರೆ ಪೆನ್ನು ತಾಯಿ! ನೀಲಿ ಪೆನ್ನು ಬೊಂಬೆ ಪೆನ್ನಲ್ಲ! ಒಳ್ಳೆ ಪೊಲೀಸಿನೋಳ ಹಾಗೆ ಕೇಳ್ತೀಯಲ್ಲ ನೀನು. ಅಲ್ಲ, ನೀನು ಕೇಳ್ತಾನೂ ಇಲ್ಲ. ಸುಮ್ನೆ ಬೆರಳಿಟ್ಕೊಂಡು ಕೂತಿದ್ದೀಯ. ನಾನೇ ಹೇಳ್ತಾ ಇದ್ದೀನಿ.

ಈಗ್ಯಾಕೆ ಮತ್ತೆ ಹಿಂಬದಿ ಪುಟಕ್ಕೆ ಹೋದೆ? ಅದು ಬೇಡ, ಅದು ನಿನ್ನ ಕೆಲಸಕ್ಕೆ ಬರಲ್ಲ. ಎಣಿಸ್ತಿದ್ದೀಯಾ? ಹದಿನೇಳು ಅಂತ ಹೇಳಿದ್ನಲ್ಲಮ್ಮ...

ಹದಿನೆಂಟು.

ಹೂಂ, ಹದಿನೆಂಟು. ಕೊನೇದರ ಮುಂದೆ ‘ಪಾಸು’ ಅಂತ ಬರೆದಿಲ್ಲ. ನೋಡು, ನನಗೊಂದು ದೊಡ್ಡ ದೋಷ ಇದೆ. ಬಾಯಲ್ಲಿ ಸುಳ್ಳು ಬರುತ್ತೆ, ಸಲೀಸಾಗಿ ಬರುತ್ತೆ, ಪುಸ್ತಕದಲ್ಲಿ ಮಾತ್ರ ಬರಲ್ಲ. ಪೆನ್ನು ಹಿಡಿದ್ರೆ ಕೈ ಒಪ್ಪಲ್ಲ. ಅರ್ಧ ಮಾತ್ರೆ ನುಂಗಿದ ದಿನ ಪೂರ್ತಿ ಗುರುತು ಹಾಕೋಕೆ ಆಗ್ಲಿಲ್ಲ ನನಗೆ. ಅದಕ್ಕೆ ಒಂದು ಗೆರೆ.

ಹಾಗೆ ನೋಡಬೇಡ. ಮಾರಿಕೊಂಡಿಲ್ಲ! ನಿಮ್ಮ ಸರ್ಕಾರದ ಮಾತ್ರೆ ಮಾರಿ ನಾನು ಬಂಗಲೆ ಕಟ್ಟಬೇಕಾ? ಮಿಕ್ಕರ್ಧ ಕೆಳಗಡೆ ಹೋಗುತ್ತೆ. ಟೈಲರಿಗೆ. ಅದೇ ಬಿಪಿ, ಅದೇ ಮಾತ್ರೆ, ಅವರಿಗೆ ನನ್ನದರ ಅರ್ಧ ಸಾಕು. ಅಂಗಡೀಲಿ ಪೂರ್ತಿ ಬೆಲೆಗೆ ಕೊಳ್ಳೋ ಹಾಗಿದ್ರೆ ಅವರು ಒಂದು ದಿನ ತಗೊಂಡು ಎರಡು ದಿನ ಬಿಡ್ತಾರೆ. ಬಿಡ್ತಿದ್ರು. ಒಂದು ಸಂಜೆ ಮಿಷನ್ ಮೇಲೆ ತಲೆ ಇಟ್ಕೊಂಡು ಕೂತಿದ್ರು. ನಿದ್ದೆ ಮಾಡ್ತಿದ್ದಾರೆ ಅನ್ಕೊಂಡೆ. ಕರೆದ್ರೆ ಏಳಲಿಲ್ಲ. ಆಮೇಲೆ ನೀರು ಚಿಮುಕಿಸಿ, ಎಬ್ಬಿಸಿ... ಮಾರನೇ ದಿನದಿಂದ ಶುರು ಮಾಡ್ದೆ. ‘ಮೇಡಂ, ನಿಮಗೆ?’ ಅಂದ್ರು. ‘ನನಗೆ ಆಫೀಸಿನೋರು ಜಾಸ್ತೀನೇ ಕೊಡ್ತಾರೆ ಟೈಲರೇ, ರಿಟೈರ್ಡ್ ಹೆಡ್‌ಮಿಸ್ಸು ಅಂತ ಮರ್ಯಾದೆ’ ಅಂದೆ. ನಂಬಿಬಿಟ್ರು! ಸರ್ಕಾರ ಮರ್ಯಾದೆಗೆ ಮಾತ್ರೆ ಕೊಡುತ್ತೆ ಅಂದ್ರೆ ನಂಬೋ ಮನುಷ್ಯ ಅವರು. ದಿಂಬಿನ ಕವರು ಅದಕ್ಕೆ.

ಅವರಿಗೆ ಯಾಕೆ ಕಾರ್ಡಿಲ್ಲ ಅಂತ ಕೇಳಲ್ವಾ ನೀನು? ಅರ್ಜಿ ಹಾಕಿದ್ರು, ನಿಮ್ಮ ಆಫೀಸಿನೋರೇ ವಾಪಸ್ ಕಳಿಸಿದ್ದು. ನಿಮ್ಮೋರ ತಲೆ ಕೆಟ್ಟಿದೆ. ಇಡೀ ಕಟ್ಟಡಕ್ಕೆ ಹಾಗೇ ಹೇಳಿದ್ದೀನಿ ನಾನು. ಟೈಲರಿಗೂ ಹಾಗೇ ಹೇಳಿದ್ದೀನಿ.

...

ರೇಡಿಯೋ ಈಗಲೇ ನಿಲ್ಲಬೇಕಾ.

...

ಟೈಲರು ಅರ್ಜೀಲಿ ಅರವತ್ತೈದು ಅಂತಲೇ ಬರೆದಿದ್ರು. ಸೊಟ್ಟಕ್ಷರದಲ್ಲಿ, ಮನೆಯಿಂದ ಆಚೆ ಬರೋ ಹಾಗೆ. ನಾನು ತಾರೀಖು ನೋಡ್ದೆ, ಮನಸ್ಸಲ್ಲೇ ಸ್ಕೂಲು ಶುರುವಾಗೋ ದಿನಕ್ಕೆ ಕಳೆದೆ, ಈಗ ನಿನಗೆ ಮಾಡಿದ್ನಲ್ಲ, ಹಾಗೇ. ಮೂವತ್ತೊಂದು ವರ್ಷ ಆ ಒಂದೇ ದಿನಕ್ಕೆ ಕಳೆದಿದ್ದೀನಿ ಕಣೇ! ಅರ್ಜಿ ಕೊಡೋ ದಿನಕ್ಕೆ ಕಳೀಬೇಕು ಅಂತ ಅವತ್ತು ಹೊಳೀಲೇ ಇಲ್ಲ. ಮಿಕ್ಕ ಹದಿನೇಳು ಜನ ಎಪ್ಪತ್ತು ದಾಟಿದೋರು, ಒಂದು ವರ್ಷ ಆಕಡೆ ಈಕಡೆ ಆದ್ರೂ ನಡೀತು. ಇವರಿಗೆ ಅರವತ್ತೈದು ತುಂಬಿ ಎರಡೇ ತಿಂಗಳಾಗಿತ್ತು. ‘ಏನು ಟೈಲರೇ, ಸರ್ಕಾರಕ್ಕೇ ಟೋಪಿ ಹಾಕ್ತೀರಾ’ ಅಂತ ತಮಾಷೆ ಮಾಡಿ, ಅರವತ್ತೈದನ್ನ ಹೊಡೆದುಹಾಕಿ, ಪಕ್ಕದಲ್ಲಿ ಅರವತ್ನಾಲ್ಕು ಅಂತ ಮುದ್ದಾಗಿ ಬರೆದೆ. ತಿದ್ದಿದ್ದಕ್ಕೆ ಸಹಿ ಕೂಡ ಹಾಕಿದೆ, ಪದ್ಧತಿ ಪ್ರಕಾರ. ಅವರು ಒಂದು ಸಲ ‘ತುಂಬಿದೆ ಅಂತ ನಮ್ಮಕ್ಕ ಹೇಳ್ತಿದ್ರು ಮೇಡಂ’ ಅಂದ್ರು. ‘ನಿಮ್ಮಕ್ಕನಿಗಿಂತ ನನಗೆ ಲೆಕ್ಕ ಬರುತ್ತೆ’ ಅಂದೆ. ‘ಹಾಗಾದ್ರೆ ಸರಿ ಮೇಡಂ’ ಅಂದ್ರು. ನಾನು ಓದಿದೋಳಲ್ವಾ.

ನಿಮ್ಮೋರೂ ಹುಟ್ಟಿದ ತಾರೀಖು ನೋಡಲಿಲ್ಲ, ವಯಸ್ಸಿನ ಮನೆ ನೋಡಿದ್ರು, ಠಸ್ಸೆ ಹೊಡೆದ್ರು. ವಾಪಸ್ ಬಂದ ಕಾಗದ ಅವತ್ತೇ ಓದಿದ್ದೀನಿ, ಕೆಳಗಿರೋ ಇರುವೆ ಅಕ್ಷರದ ಸಾಲು ಸಮೇತ. ತಿದ್ದಿದೋರು ಆರು ತಿಂಗಳೊಳಗೆ ತಪ್ಪು ಒಪ್ಪಿ ಬರೆದುಕೊಟ್ರೆ ಅರ್ಜಿ ಮತ್ತೆ ನೋಡ್ತಾರೆ. ಇಲ್ಲದಿದ್ರೆ ಇನ್ನೊಂದು ವರ್ಷ ಕಾಯಬೇಕು. ಗೊತ್ತಿದ್ದೂ ಐದು ತಿಂಗಳು ಮಾತ್ರೆ ಕತ್ತರಿಸಿಕೊಂಡು ಕೂತೆ. ಯಾಕೆ? ಪೆನ್ನು ಹಿಡಿದು ತಪ್ಪು ಒಪ್ಪೋದಕ್ಕಿಂತ ಬ್ಲೇಡು ಹಿಡಿಯೋದು ಸುಲಭ ಕಣಮ್ಮ.

ಈ ಶುಕ್ರವಾರಕ್ಕೆ ಆರು ತಿಂಗಳು ಮುಗಿಯುತ್ತೆ.

ಸರಿ. ನನ್ನ ಬಗ್ಗೆ ನಿನ್ನ ಕಾಗದದಲ್ಲಿ ಏನು ಬರೀಬೇಕೋ ಬರಿ. ‘ಇವರು ಅರ್ಧ ಮಾತ್ರೆ ನುಂಗುತ್ತಾರೆ’ ಅಂತಲೇ ಬರಿ. ಕಾರ್ಡು ಕಿತ್ಕೊಂಡ್ರೆ ಕಿತ್ಕೊಳ್ಳಲಿ. ನನಗೊಂದು ಖಾಲಿ ಹಾಳೆ ಕೊಡು. ಬೇಡ, ನೀನು ಬರೀಬೇಡ, ನಾನೇ ಬರೀತೀನಿ.

... ಹೂಂ, ಕೇಳು. ‘ಅರ್ಜಿದಾರರು ತಮ್ಮ ವಯಸ್ಸನ್ನು ಸರಿಯಾಗಿಯೇ ಬರೆದಿದ್ದರು. ನಾನು ಅದನ್ನು ತಿದ್ದಿ ತಪ್ಪು ಮಾಡಿದೆ.’ ತಾರೀಖು, ಸಹಿ. ಆಯ್ತಲ್ಲ? ಹಾಕ್ಕೊ ಬ್ಯಾಗಿಗೆ.

ಹಾಕ್ಕೊಳ್ಳೇ. ಯಾಕೆ, ಇನ್ನೇನು ಕಮ್ಮಿ ಇದೆ? ಯಾಕೆ ಕೆಳಗಡೆ ಖಾಲಿ ಜಾಗ ತೋರಿಸ್ತೀಯ?

ಅರ್ಜಿದಾರರ ಸಹೀನೂ ಬೇಕಾ.

ಅಂದ್ರೆ ಅವರು ಇದನ್ನ ಓದಬೇಕು. ಅವರು ಬೇಗ ಓದಲ್ಲ ಗೊತ್ತಾ ನಿನಗೆ? ಅಕ್ಷರ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸಿ ಓದ್ತಾರೆ. ಈ ಎರಡು ಸಾಲಿಗೆ ಐದು ನಿಮಿಷ ಆಗುತ್ತೆ. ಅಷ್ಟು ಹೊತ್ತೂ ನಾನು ಎದುರಿಗೆ ನಿಂತಿರಬೇಕು.

ನಡಿ. ಅಲ್ಲ, ನೀನು ಹಿಂದೆ ಬಾ, ನಾನು ಮೊದಲು ಇಳೀತೀನಿ.