ಹಳೇದಕ್ಕೂ ಹಾಕಿದ್ಯಾ?

ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ಒಂದು ರಾತ್ರಿ ಆಫೀಸು ಮುಗಿಸಿ ಒಬ್ಬನೇ ಬರ್ತಿದ್ದ. ಮನೆಗೆ ತಿರುಗೋ ಕಡೆ ಒಂದು ಪಾಳು ಬಾವಿ. ಅದರ ಒಳಗಿಂದ ಸದ್ದು... ಟಕ ಟಕ ಟಕ... ಟಪ್. ನೀರಿನದಲ್ಲ, ಕಪ್ಪೆಯದಲ್ಲ. ಕೀಬೋರ್ಡಿನದು. ನಗಬೇಡಿ, ಮೊದಲು ಕೇಳಿ.

ಇವನು ಕೂರೋ ಸೀಟಿನಲ್ಲಿ ಮುಂಚೆ ಒಬ್ಬ ಇದ್ದ. ಗಿಡ್ಡ ಆಳು, ಎಲ್ಲರೂ ಕುಳ್ಳಣ್ಣ ಅಂತಿದ್ದರು. ಕುರ್ಚಿಯನ್ನ ಹುಸ್ಸ್... ಅಂತ ಪೂರ್ತಿ ಕೆಳಗಿಳಿಸಿಕೊಂಡೇ ಕೂರೋನು. ಜ್ವರ ಬಂತು, ಹೋಗಿಬಿಟ್ಟ.

ಅವರ ಆಫೀಸಿನ ಪ್ರೋಗ್ರಾಮಿಗೆ ಎರಡು ಬ್ರಾಂಚು, ಅಂದ್ರೆ ಬೇರೆ ಬೇರೆ ಇಟ್ಟ ಎರಡು ಪ್ರತಿ. ಹಳೇ ಗಿರಾಕಿಗಳಿಗೊಂದು, ಹೊಸಬರಿಗೊಂದು. ಒಂದರಲ್ಲಿ ತಪ್ಪು ತಿದ್ದಿ ಕಮಿಟ್ ಮಾಡಿದರೆ, ಅಂದ್ರೆ ಅದಕ್ಕೆ ಸೇರಿಸಿದರೆ, ಇನ್ನೊಂದರಲ್ಲೂ ಮಾಡಬೇಕು. ಯಾರು ಮಾಡಿದ್ದು ಅಂತ ಹೆಸರು ಅಲ್ಲೇ ಬೀಳುತ್ತೆ. ಕುಳ್ಳಣ್ಣ ಒಂದು ಸಲವೂ ಮರೆತವನಲ್ಲ. ಇವನು ಮರೆತಾಗೆಲ್ಲ ಮೇಲಧಿಕಾರಿ ಮೇಡಂದು ಒಂದೇ ಮಾತು, "ಕುಳ್ಳಣ್ಣ ಇದ್ದಿದ್ರೆ ಹೀಗಾಗ್ತಿರಲಿಲ್ಲ."

ಇವನ ಹೊಟ್ಟೆ ಉರಿದುಹೋಗ್ತಿತ್ತು. "ಬದುಕಿರೋನಾದ್ರೆ ಒಂದಿನ ಎಡವ್ತಾನೆ ಅಂತ ಕಾಯಬಹುದು ಕಣೋ. ಸತ್ತೋನು ಯಾವಾಗ ಎಡವ್ತಾನೆ?" ಅಂತಿದ್ದ ನನ್ನ ಹತ್ರ. ಟೀಮಿನ ಮುಖ್ಯಸ್ಥನ ಜಾಗ ಬೇರೆ ಖಾಲಿ ಇತ್ತು.

ಆ ದಿನ ಕುಳ್ಳಣ್ಣನ ಹಳೇ ಕೆಲಸ ಒಂದು ಇವನ ಕಣ್ಣಿಗೆ ಬಿತ್ತು. ಪೂರ್ತಿ ಮುಗಿಸಿದ್ದ, ಯಾವ ಬ್ರಾಂಚಿಗೂ ಸೇರಿಸಿರಲಿಲ್ಲ. ಇವನು ಅದನ್ನೆತ್ತಿ ಹೊಸ ಬ್ರಾಂಚಿಗೆ ಹಾಕಿದ. ತನ್ನ ಹೆಸರಿನಲ್ಲಿ. ಮೇಡಂ ಬೆನ್ನು ತಟ್ಟಿ, "ಕುಳ್ಳಣ್ಣನನ್ನೂ ಮೀರಿಸಿಬಿಟ್ಟೆ ಕಣಪ್ಪ, ಆ ಜಾಗ ನಿಂದೇ" ಅಂದರು. ಆ ಖುಷಿಯಲ್ಲಿ ಹಳೇ ಬ್ರಾಂಚು ಮರೆತೇಹೋಯ್ತು.

ಅವತ್ತೇ ರಾತ್ರಿ ಬಾವಿ ಹತ್ರ ಆ ಸದ್ದು. ಆಮೇಲೆ ಪಿಸುಮಾತು...

"ಹಳೇದಕ್ಕೂ ಹಾಕಿದ್ಯಾ?"

ಇವನು ಬಾವಿ ಕಡೆ ತಿರುಗಿ ಅಂದನಂತೆ, "ಮ... ಮರೆತೆ."

"ಹೋಗ್ಲಿ ಬಿಡು... ನಾನು ಹಾಕ್ತೀನಿ."

ಟಪ್.

ಬೆಳಿಗ್ಗೆ ಹಳೇ ಬ್ರಾಂಚು ತೆಗೆದರೆ ಅದೇ ಕೆಲಸ, ಅಕ್ಷರ ಅಕ್ಷರವೂ ಅದೇ. ಹಿಂದಿನ ರಾತ್ರಿ ಹಾಕಿದ್ದು. ಹೆಸರು ಕುಳ್ಳಣ್ಣನದು. ಅವನು ತೀರಿಕೊಂಡ ವಾರವೇ ಆಫೀಸಿನ ಕಂಪ್ಯೂಟರಿನಲ್ಲಿ ಅವನ ಖಾತೆ ಮುಚ್ಚಿದ್ದರು.

ಮೇಡಂ ಎರಡೂ ಪರದೆ ನೋಡಿದರು. ಇವನ ಮುಖ ನೋಡಿದರು. "ಇದು ಯಾರ ಕೆಲಸ?" ಆಮೇಲೆ ಅವರು ಮೆಲ್ಲಗೆ, "ಸತ್ತ ಮೇಲೂ ಅವನು ಮರೀಲಿಲ್ಲ ನೋಡು" ಅಂದರಂತೆ.

ಜಾಗವೂ ಹೋಯ್ತು, ಮರ್ಯಾದೆಯೂ ಹೋಯ್ತು. ಕೆಲಸ ಬಿಟ್ಟ. ನನಗೆ ಹೇಳುವಾಗ ಅವನ ಕಣ್ಣಲ್ಲಿ ಹೆದರಿಕೆಗಿಂತ ಉರಿಯೇ ಜಾಸ್ತಿ ಇತ್ತು. "ದೆವ್ವ ಆದ್ರೂ ಹೊಗಳಿಕೆ ಅವನಿಗೇ ಅಲ್ವೇನೋ?"

ನಾನೂ ಮೊದಲು ನಂಬಿರಲಿಲ್ಲ. ಹೋದ ವಾರ ನಮ್ಮನೆಗೆ ಬಂದಿದ್ದ. ನಾನು ಹೊಸದಾಗಿ ತಂದ ಕುರ್ಚಿಯಲ್ಲಿ ಕೂತು ಮತ್ತೆ ಅದೇ ಪುರಾಣ, "ಕುಳ್ಳಣ್ಣನೇನು ಮಹಾ..." ಅಂತ ಶುರು ಮಾಡಿದ.

ಹುಸ್ಸ್...

ಕುರ್ಚಿ ಪೂರ್ತಿ ಕೆಳಗಿಳೀತು. ಇವನ ಎರಡೂ ಕೈ ಮೇಜಿನ ಮೇಲಿದ್ದವು, ಕುರ್ಚಿ ಇಳಿಸೋ ಹಿಡಿ ಮುಟ್ಟಿರಲೇ ಇಲ್ಲ. ನನ್ನ ಕಣ್ಣಾರೆ ಕಂಡಿದ್ದು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನ ಇನ್ನೂ ತೆಗೆದಿರಲಿಲ್ಲ.